ಒಳಗೋ, ಹೊರಗೋ?

ಸತ್ಯನಾರಾಯಣ ಪೂಜೆಗೆ ಕೂತಾಗ ಪಕ್ಕದ ಮನೆ ಅಂಕಲ್ ಬರಿಯ ಎದೆಯ ಮೇಲೆ ಎರಡು ದಾರ ಕಾಣುತ್ತಿದ್ದವು. ಒಂದು ಜನಿವಾರ, ಇನ್ನೊಂದು ಕಂಪನಿಯ ಬ್ಯಾಡ್ಜಿನದು. ಯಾರಾದರೂ ದಿಟ್ಟಿಸಿದರೆ, "ಆಫೀಸಿಂದ ನೇರ ಬಂದೆ, ತೆಗೆಯೋದು ಮರ್ತೇಹೋಯ್ತು" ಎನ್ನುತ್ತಿದ್ದರು. ಪೂಜೆ ನಡೆಯುತ್ತಿದ್ದುದು ಭಾನುವಾರ.

ಆಸ್ಟಿನ್ನಿನ ಹೊರವಲಯದ ನಮ್ಮೂರಿಗೆ ಆ ಕಂಪನಿಯೇ ತಾಯಿ, ತಂದೆ, ಗ್ರಾಮದೇವತೆ. ಅಲ್ಲಿ ಸಂಬಳ ಏರಿದರೆ ಇಲ್ಲಿ ಮನೆಗಳ ಬೆಲೆ ಏರುತ್ತಿತ್ತು, ದೋಸೆ ಹೋಟೆಲು ತುಂಬುತ್ತಿತ್ತು. ಹೊಸಬರು ಬಂದರೆ ಅಂಕಲ್ ಊರು ಕೇರಿ ಕೇಳುತ್ತಿರಲಿಲ್ಲ. "ಒಳಗೋ, ಹೊರಗೋ?" ಅಷ್ಟೇ. ಒಳಗೆ ಎಂದರೆ ಕಂಪನಿಯ ಕಾಯಂ ನೌಕರರು. ಹೊರಗೆ ಎಂದರೆ ನನ್ನ ಗಂಡನಂಥ ಕಾಂಟ್ರಾಕ್ಟಿನವರು. ಅಂಕಲ್ ಮನೆಯ ಪೂಜೆಯ ಊಟಕ್ಕೆ ಒಳಗಿನವರಿಗೆ ಹಾಲ್‌ನಲ್ಲಿ ಬಾಳೆಲೆ. ಹೊರಗಿನವರಿಗೆ ಗರಾಜಿನಲ್ಲಿ, ಹುಲ್ಲು ಕತ್ತರಿಸುವ ಮಷೀನಿನ ಪಕ್ಕ, ಪೇಪರ್ ತಟ್ಟೆ. ನನ್ನವರನ್ನು ಕಾಯಂ ಮಾಡಿಸುವುದು ಅಂಕಲ್ ಕೈಯಲ್ಲಿತ್ತು, ಹಾಗಾಗಿ ತೆಪ್ಪಗೆ ತಿಂದೆವು. "ನೋಡೋಣಮ್ಮ, ಟೈಮ್ ಬರಲಿ, ಒಳಗೆ ತಗೊಳ್ಳೋಣ" ಎನ್ನುವಾಗ ಆ ಮುಖದಲ್ಲಿ ಮೋಕ್ಷ ಹಂಚುವವರ ಗತ್ತು.

ಒಂದು ವರ್ಷ ಪೂಜೆಯ ಹೊತ್ತಿಗೆ ಮೈಸೂರಿನಿಂದ ನನ್ನ ಅತ್ತೆ ಬಂದಿದ್ದರು. ಬಾಗಿಲಲ್ಲೇ ಅಂಕಲ್ ಹೆಂಡತಿ, ಆಂಟಿ, "ನೀವು ಹೊರಗಲ್ವಾ? ಗರಾಜಲ್ಲಿ ಕೂತ್ಕೊಳ್ಳಿ ಅಮ್ಮ" ಎಂದರು. ಅತ್ತೆ ಕೆಂಡವಾದರು.

"ಈ ವಯಸ್ಸಲ್ಲಿ ನಾನೆಂಥ ಹೊರಗಮ್ಮ? ಅದೆಲ್ಲ ನಿಂತು ಯಾವ ಕಾಲ ಆಯ್ತು!"

ಇದು ಮುಟ್ಟಿನ ಮಾತಲ್ಲ, ನೌಕರಿಯ ಮಾತು ಎಂದು ವಿವರಿಸಿದೆ. ಅತ್ತೆ ಗರಾಜಿನೊಳಗೆ ಇಣುಕಿದರು. "ಓಹೋ, ಈ ಊರಲ್ಲಿ ಗಂಡಸರೂ ಹೊರಗೆ ಕೂರ್ತಾರೆ!"

ಆಮೇಲೆ ಕಂಪನಿ ಜನರನ್ನು ತೆಗೆಯತೊಡಗಿತು. ಮೊದಲು ಹೋದವರು ಹೊರಗಿನವರೇ. ನನ್ನವರು ಒಂದು ಆಸ್ಪತ್ರೆಯಲ್ಲಿ ಕೆಲಸ ಹಿಡಿದರು. ಒಂದು ಬೆಳಿಗ್ಗೆ ಅಂಕಲ್ ಬ್ಯಾಡ್ಜಿಗೂ ಗೇಟು ತೆರೆಯಲಿಲ್ಲ. ಬೀದಿ ತುಂಬ ಮನೆ ಮಾರುವ ಬೋರ್ಡುಗಳು ಎದ್ದವು. ಕೊಳ್ಳಬೇಕಾದವರೂ ಅದೇ ಕಂಪನಿಯವರಾದ್ದರಿಂದ ಕೊಳ್ಳುವವರೇ ಇಲ್ಲ. ದೋಸೆ ಹೋಟೆಲು ಮುಚ್ಚಿತು. ಒಳಗೆ ಉಳಿದವರು ಅಂಕಲ್ ಫೋನ್ ಎತ್ತುವುದನ್ನೇ ಬಿಟ್ಟರು. ಪಾಠ ಹೇಳಿಕೊಟ್ಟವರು ಇವರೇ ತಾನೆ!

ಆ ಸಲದ ಗಣೇಶನ ಹಬ್ಬಕ್ಕೆ ಅತ್ತೆ ಮತ್ತೆ ಬಂದಿದ್ದರು. ಅಂಕಲ್‌ರನ್ನೂ ಕರೆದಿದ್ದೆವು. ಬರಿಗೊರಳಲ್ಲಿ ಬಂದವರು, ಯಾರೂ ಹೇಳದೆಯೇ ಸೀದಾ ನಮ್ಮ ಗರಾಜಿಗೆ ಹೋಗಿ ಒಂದು ಡಬ್ಬದ ಮೇಲೆ ಕೂತರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅತ್ತೆ ಮಾತ್ರ ಹೋಗಿ ಕೈ ಹಿಡಿದು ಎಬ್ಬಿಸಿದರು.

"ಏಳಪ್ಪ. ನಾವಾದ್ರೆ ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಒಳಗೆ ಬರ್ತಿದ್ವಿ. ಪಾಪ, ನಿಂಗೆ ಅದೂ ಇಲ್ವಲ್ಲ."

ಹಾಲ್‌ನಲ್ಲಿ ಎಲೆಯ ಮುಂದೆ ಕೂತು ಅಂಕಲ್ ಅತ್ತರು. ಕಡುಬು ಮಾತ್ರ ಬಿಡಲಿಲ್ಲ.

ಅಂಕಲ್ ಮನೆಯನ್ನು ಸಿಕ್ಕಿದ ಬೆಲೆಗೆ ಕೊಟ್ಟು ಕ್ಯಾರಲ್ಟನ್ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಹಾರ ಹಾಕಿದ್ದ ಫೋಟೋದಲ್ಲಿ ಕೊರಳಿಗೆ ಬ್ಯಾಡ್ಜ್ ಇತ್ತು; ಬೇರೆ ಫೋಟೋ ಸಿಗಲಿಲ್ಲವಂತೆ. ಅವರಿಂದ ನಾನು ಕಲಿತದ್ದು ಒಂದಿದೆ, ಆ ಋಣ ಒಪ್ಪಿಕೊಳ್ಳುತ್ತೇನೆ. ನಮ್ಮ ಗರಾಜಿನಲ್ಲಿ ಕಾರು ನಿಲ್ಲುತ್ತದೆ, ಜನ ಕೂರುವುದಿಲ್ಲ.