ಮಕ್ತುಮ್ ಸಾಬನ ಬೀಜದ ಚೀಲ

ಕೊಂಡಜ್ಜಿಯಲ್ಲಿ ನನ್ನ ಹೊಲದ ಬದುವಿಗೇ ಮಕ್ತುಮ್ ಸಾಬನ ಹೊಲ. ಕೂತಲ್ಲಿ ಕೂರದ ಮನುಷ್ಯ. ಬೀಡಿ ಹಚ್ಚಿದರೆ ಅರ್ಧಕ್ಕೇ ಆರಿಸಿ ಎದ್ದುಬಿಡುತ್ತಿದ್ದ. ನಾವೆಲ್ಲ ದಾವಣಗೆರೆ ಅಂಗಡಿಯಿಂದ ಹೈಬ್ರಿಡ್ ಪ್ಯಾಕೆಟ್ ತಂದು ಬಿತ್ತುವ ಕಾಲಕ್ಕೂ ಅವನೊಬ್ಬ ಅಪ್ಪನ ಕಾಲದ ಜವಾರಿ ಹತ್ತಿ ಬಿಟ್ಟಿರಲಿಲ್ಲ. ಪ್ರತಿ ವರ್ಷ ಹುಳ ಮುಟ್ಟದ ದಪ್ಪ ಕಾಯಿ ಆರಿಸಿ, ಕೈಯಲ್ಲೇ ಬೀಜ ಬಿಡಿಸಿ, ಬೂದಿ ಬೆರೆಸಿ ಚೀಲಕ್ಕೆ ತುಂಬುತ್ತಿದ್ದ. ಬಿತ್ತಿ ಮಿಕ್ಕಿದ್ದು ಎಮ್ಮೆಗೆ. "ಪ್ಯಾಕೆಟ್ ಬೀಜ ಅಂದ್ರ ಬಾಡಿಗೆ ಎತ್ತು" ಎಂದು ನಮ್ಮನ್ನು ಚುಚ್ಚುತ್ತಿದ್ದ.

ತೊಂಬತ್ತೆಂಟರ ಮಳೆಗಾಲದಲ್ಲಿ ಯಾವುದೋ ಕಂಪನಿಯವನು ಜೀಪಿನಲ್ಲಿ ಮಕ್ತುಮನ ಹೊಲಕ್ಕೆ ಬಂದ. ಅರ್ಧ ಎಕರೆ ಕೊಡಿ, ಬೀಜ ಗೊಬ್ಬರ ನಮ್ಮದೇ, ಬರೀ ಪರೀಕ್ಷೆಗೆ ಎಂದ. ಎಂಥ ಪರೀಕ್ಷೆ ಅಂತ ಅವನು ಹೇಳಲಿಲ್ಲ, ಇವನು ಕೇಳದೆಯೇ ಒಪ್ಪಿಬಿಟ್ಟ. ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಬೇಕು ಅನಿಸಲಿಲ್ಲ, ಬೆಂಕಿ ಬೀಳಲಿ ಈ ಬುದ್ಧಿಗೆ.

ನವೆಂಬರ್ ಕೊನೆಗೆ ಪೇಪರಿನಲ್ಲಿ ಬಂತು. ತಿಂದ ಹುಳ ಸಾಯುವಂತೆ ಕುಲವನ್ನೇ ತಿದ್ದಿದ ಹತ್ತಿಯಂತೆ, ರೈತರಿಗೆ ಹೇಳದೆಯೇ ಬೆಳೆಸುತ್ತಿದ್ದಾರಂತೆ, ರೈತ ಸಂಘದವರು ಕಿತ್ತು ಸುಡುತ್ತಿದ್ದಾರಂತೆ. ಓದಿ ಹೇಳಿದವನು ನಾನೇ. ಜೀಪಿನವನ ಕಂಪನಿಯ ಹೆಸರೇ ಅಲ್ಲಿತ್ತು.

"ಸುಡ್ಲಿ ಬಿಡು, ನಿನ್ನ ಹತ್ತಿ ಬ್ಯಾರೆ ಐತಲ್ಲ" ಎಂದೆ.

"ಎಲ್ಲಿ ಬ್ಯಾರೆ ಐತೋ ನಾಗರಾಜಪ್ಪ? ಈ ಸಲ ಹುಳ ಮುಟ್ಟದ ಕಾಯಿ ಇದ್ದಿದ್ದೇ ಆ ಅರ್ಧ ಎಕರ್ಯಾಗ. ಅಲ್ಲಿಂದ್ಲೂ ಆರಿಸಿ ಚೀಲಕ್ಕ ಹಾಕೀನಿ."

ನಲವತ್ತು ವರ್ಷದ ರೂಢಿ. ಒಳ್ಳೆ ಕಾಯಿ ಕಂಡಲ್ಲಿಗೆ ಕೈ ತಾನಾಗಿ ಹೋಗಿತ್ತು. ಬೂದಿ ಮೆತ್ತಿದ ಬೀಜದಲ್ಲಿ ಈಗ ಯಾವುದು ಅಪ್ಪನದು, ಯಾವುದು ಕಂಪನಿಯದು?

"ಹೊಲದಾಗ ನಿಂದೇ ಗಿಡ ಇನ್ನೂ ನಿಂತಾವಲ್ಲ, ಅದ್ರಾಗ ತಗೋ."

"ಜೇನುಹುಳ ಬದು ನೋಡಿ ಹಾರ್ತಾವೇನು? ಆ ಹೂವಿನ ಧೂಳು ಈ ಹೂವಿಗೂ ಮೆತ್ತಿರ್ತೈತಿ" ಎಂದ.

ಆಮೇಲೆ ಹೊಲ, ಮನೆ, ಮತ್ತೆ ಹೊಲ. ಊಟಕ್ಕೆ ಕೂತವನು ತುತ್ತು ಬಿಟ್ಟು ಏಳುತ್ತಿದ್ದ. ಹಿಂದೆ ತನ್ನಿಂದ ಬೀಜ ಒಯ್ದವರ ಮನೆಗೆಲ್ಲ ಸುತ್ತಿ ಬಂದ. ಯಾರೂ ಉಳಿಸಿರಲಿಲ್ಲ. ನನ್ನ ಮನೆಗೆ ಮಾತ್ರ ಬರಲಿಲ್ಲ. ಅವನು ಕೊಟ್ಟ ಬೀಜವನ್ನು ನಾನು ಎಮ್ಮೆಗೆ ಹಾಕಿದ್ದು ಅವನಿಗೆ ಗೊತ್ತಿತ್ತು. ನಾಚಿಕೆಗೆ ನನಗೂ ಅನ್ನ ಸೇರಲಿಲ್ಲ.

ಸಂಘದವರು ಬಂದು ಅರ್ಧ ಎಕರೆಯನ್ನೂ ಕಿತ್ತು ರಾಶಿ ಹಾಕಿ ಬೆಂಕಿ ಹಚ್ಚಿದರು. ಮಕ್ತುಮ್ ಮನೆಯಿಂದ ಚೀಲ ಹೊತ್ತು ತಂದ. ಯಾರೂ ಅದನ್ನು ಕೇಳಿರಲಿಲ್ಲ. ಬೆಂಕಿಗೆ ಸುರಿದು, ಖಾಲಿ ಚೀಲ ಮಡಚಿ ಹೆಗಲಿಗೆ ಹಾಕಿಕೊಂಡ.

ಮರುದಿನ ಅವನ ಹೆಂಡತಿ ಖುರ್ಷೀದಾ ನಮ್ಮಿಬ್ಬರಿಗೂ ಟೀ ಕೊಡುತ್ತಾ, "ಬುಷ್ರಾನ ದಿಂಬು ನೆನಪೈತಾ?" ಎಂದಳು. ಎರಡು ವರ್ಷದ ಹಿಂದೆ ಮಗಳು ಬುಷ್ರಾಳ ಮದುವೆಗೆ ಮನೆಯ ಹತ್ತಿಯನ್ನೇ ಕೈಯಲ್ಲಿ ಬಿಡಿಸಿ ದಿಂಬು ಹೊಲಿದಿದ್ದಳು. ಅವಸರದಲ್ಲಿ ಅಲ್ಲಲ್ಲಿ ಬೀಜ ಉಳಿದಿದ್ದವು. "ನಿಮ್ಮಪ್ಪ ದಿಂಬಿಗೆ ಕಲ್ಲು ತುಂಬ್ಯಾನೇನು?" ಎಂದು ಅಳಿಯ ಇವತ್ತಿಗೂ ಆಡಿಕೊಳ್ಳುತ್ತಿದ್ದ. ಮಕ್ತುಮ್ ಲೋಟ ಅಲ್ಲೇ ಇಟ್ಟು, ನನ್ನನ್ನೂ ಎಳೆದುಕೊಂಡು ಹರಿಹರದ ಬಸ್ ಹತ್ತಿದ.

"ಯಾಕಬ್ಬಾ, ಏನಾತು?" ಬುಷ್ರಾ ಬಾಗಿಲಲ್ಲೇ ಗಾಬರಿಯಾದಳು.

"ಏನಿಲ್ಲ ಬೇಟಿ, ದಿಂಬು ಕೊಡು."

ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಹತ್ತಿಯನ್ನು ಎಳೆ ಎಳೆಯಾಗಿ ಹಿಂಜಿ ಹುಡುಕಿದ. ಎರಡು ಗಂಟೆ ಅವನು ಕೂತ ಜಾಗ ಬಿಟ್ಟು ಏಳಲಿಲ್ಲ. ಹನ್ನೊಂದು ಬೀಜ ಸಿಕ್ಕವು.

ಮುಂದಿನ ಮಳೆಗೆ, ಹತ್ತಿ ಹೊಲಗಳಿಂದ ದೂರ, ಅವನ ಹಿತ್ತಲಲ್ಲಿ ಆರು ಹುಟ್ಟಿದವು. ಕಾಯಿ ಒಡೆದ ದಿನ ನಮ್ಮ ಮನೆಗೆ ಬಂದು ನನ್ನ ಅಂಗೈ ಬಿಡಿಸಿ ಒಂದು ಹಿಡಿ ಬೀಜ ಇಟ್ಟ.

"ಈ ಸಲ ಎಮ್ಮೆಗೆ ಹಾಕಬ್ಯಾಡ" ಎಂದ.