ಮುಟ್ಟದ ಬೆಲ್ಲ

ನಮ್ಮ ಕಡೆ ಮನೆಗೆ ಯಾರೇ ಬರಲಿ, ಚಹಾ ಕಾಫಿ ಎಲ್ಲ ಆಮೇಲೆ. ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಫ್ಲ್ಯಾಟ್ ಸೇರಿದ ಮೇಲೂ ನನ್ನ ಚಿಕ್ಕಮ್ಮನ ಮಗಳು ಈ ಪದ್ಧತಿ ಬಿಟ್ಟಿರಲಿಲ್ಲ. ಬಜಪೆಯಿಂದ ಎರಡು ಬಸ್ಸು ಬದಲಿಸಿ, ಪಂಪ್‌ವೆಲ್ಲಿನಲ್ಲಿ ಇಳಿದು, ಬೆವರು ಒರೆಸಿಕೊಳ್ಳುತ್ತಾ ನಾನು ಅವಳ ಮನೆ ತಲಪಿದರೆ ಸ್ಟೀಲಿನ ತಟ್ಟೆಯಲ್ಲಿ ಅವೆರಡೂ ಬಂದೇ ಬರುತ್ತಿದ್ದವು.

ಕಳೆದ ಬೇಸಿಗೆಯಲ್ಲಿ ಹೀಗೇ ಒಂದು ದಿನ ತಂಗಿ ತಟ್ಟೆ ಇಟ್ಟು ಚಹಾ ಮಾಡಲು ಒಳಗೆ ಹೋದಳು. ಅವಳ ಬೆನ್ನು ತಿರುಗಿದ್ದೇ ತಡ, ಎದುರಿನ ಕುರ್ಚಿಯಲ್ಲಿದ್ದ ಚಿಕ್ಕಮ್ಮ ಬಾಗಿ ನನ್ನ ತಟ್ಟೆಗೆ ಕೈ ಹಾಕಿದರು. ಎಂಬತ್ತು ದಾಟಿದವರು, ನೆಟ್ಟಗೆ ಏಳಲಿಕ್ಕೇ ಕಷ್ಟಪಡುವವರು, ಅಂಥ ಚುರುಕು ಎಲ್ಲಿಂದ ಬಂತೋ. "ಅವಳಿಗೆ ಹೇಳ್ಬೇಡ, ಆಯ್ತಾ?" ಎಂದು ಪಿಸುಗುಟ್ಟಿದರು.

ಅವರಿಗೆ ಸಕ್ಕರೆ ಕಾಯಿಲೆ. ನನಗೆ ನಗು ತಡೆಯಲಾಗಲಿಲ್ಲ. ನಾನು ಹೈಸ್ಕೂಲ್ ಟೀಚರಾಗಿ ನಿವೃತ್ತಿಯಾದವಳು. ಬೆಂಚಿನ ಅಡಿಯಲ್ಲಿ ಹುಣಸೆಹಣ್ಣು ಚೀಪುವ ಹುಡುಗಿಯರನ್ನು ಹಿಡಿದು ನಿಲ್ಲಿಸುವುದರಲ್ಲೇ ಆಯುಷ್ಯ ಕಳೆದಿದ್ದೇನೆ. ಬಾಯಿಗೆ ಬೀಗ ಅನ್ನುವುದು ನನಗೆ ಮೊದಲಿಂದಲೂ ಇಲ್ಲ. ಅಡುಗೆಮನೆಯ ಕಡೆ ತಿರುಗಿ, ಒಳಗೆ ಕೇಳುವ ಹಾಗೆ ಕೂಗಿದೆ: "ಮಾರಾಯ್ತಿ, ಬಂದು ನೋಡು ಇಲ್ಲಿ! ನಿನ್ನ ಅಮ್ಮ ಬೆಲ್ಲ ಕದಿಯುದನ್ನು!"

ತಂಗಿ ಬಂದಳು. ಅವಳೂ ನಕ್ಕಳು. "ಶುಗರ್ ಉಂಟಲ್ಲ ಅಮ್ಮ ನಿಮಗೆ," ಎಂದು ಮೆತ್ತಗೆ ಹೇಳಿ ಖಾಲಿ ಲೋಟ ಎತ್ತಿಕೊಂಡು ಹೋದಳು. ಚಿಕ್ಕಮ್ಮ ತಲೆ ಎತ್ತಲಿಲ್ಲ. ಸಿಕ್ಕಿಬಿದ್ದ ನಾಚಿಕೆ ಎಂದುಕೊಂಡೆ. ಬೆಲ್ಲದ ತುಂಡು ಇಟ್ಟ ಜಾಗದಲ್ಲೇ ಇತ್ತು. ಅದನ್ನು ನಾನೇ ಬಾಯಿಗೆ ಹಾಕಿಕೊಂಡೆ.

ಆಮೇಲೆ ನಾನು ಹೋದಾಗಲೆಲ್ಲ ಚಿಕ್ಕಮ್ಮ ಒಳಗಿನ ಕೋಣೆಯಲ್ಲಿ. "ಈಗಷ್ಟೇ ಮಲಗಿದ್ದಾರೆ ಅಕ್ಕ, ಏಳಿಸುದು ಬೇಡ." ಸುಳ್ಳು ಯಾಕೆ ಹೇಳಲಿ, ಬೇಗ ಹೊರಡಬಹುದಲ್ಲ ಎಂದು ನನಗೂ ಹಾಯೆನಿಸುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಹೊಸ ಚಿಲಕ, ಅದಕ್ಕೊಂದು ಬೀಗ ಬಂದದ್ದನ್ನು ನೋಡಿದೆ. "ನಾನು ಕೆಲಸಕ್ಕೆ ಹೋದಾಗ ಇವರು ಗ್ಯಾಸ್ ಮುಟ್ಟಿದ್ರೆ?" ಎಂದಳು. ಎಷ್ಟು ಜಾಗ್ರತೆ ಇವಳಿಗೆ ಎಂದು ಮೆಚ್ಚಿದೆ. ಚಿಕ್ಕಮ್ಮನಿಗೆ ಫೋನ್ ಮಾಡಿದರೆ ಯಾವಾಗಲೂ ಸ್ಪೀಕರಿನಲ್ಲಿ, ಪಕ್ಕದಲ್ಲಿ ತಂಗಿಯ ಉಸಿರು. ಒಮ್ಮೆ ಬಾಗಿಲ ಸಂದಿಯಿಂದ ಚಿಕ್ಕಮ್ಮನ ಮುಖ ಕಂಡಿತು. ತುಟಿ ಬಿರಿದು ಬಿಳಿಚಿಕೊಂಡಿತ್ತು. ಬಿಸಿಲಿಗೆ ಎಂದುಕೊಂಡೆ, ಮನೆಯಿಂದ ಹೊರಗೇ ಬಾರದವರಿಗೆ ಎಲ್ಲಿಯ ಬಿಸಿಲು ಎಂದು ಯೋಚಿಸದೆ.

ಇದೆಲ್ಲ ಮಗನ ಮನೆಯಲ್ಲಿ ಆಗಿದ್ದರೆ ನಾನು ಬಿಡುತ್ತಿದ್ದೆನೇ? ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. ತಾಯಿ ಮಗನ ಮನೆಯಲ್ಲಿದ್ದರೆ ನಾವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸೊಸೆಯನ್ನು ಕಾಯುತ್ತೇವೆ. ಊಟಕ್ಕೆ ಏನು ಹಾಕಿದಳು, ಸೀರೆ ಒಗೆದಳಾ ಎಂದು ತಪಾಸಣೆ ಮಾಡುತ್ತೇವೆ. ಮಗಳ ಜೊತೆಗಿದ್ದರೆ ಮುಗಿಯಿತು, ತನ್ನದೇ ಮನೆಯಲ್ಲಿ ಇದ್ದ ಹಾಗೆ. ಕೇಳುವುದೇ ಅವಮಾನ. ಮದುವೆ ಮನೆಗಳಲ್ಲಿ ಚಿಕ್ಕಮ್ಮನ ವಿಷಯ ಬಂದರೆ, "ಪುಣ್ಯವಂತರು, ಮಗಳ ಹತ್ತಿರ ಇದ್ದಾರೆ," ಎನ್ನುತ್ತಿದ್ದವಳು ನಾನೇ.

ಮಳೆ ಶುರುವಾಗುವ ಮೊದಲು ಚಿಕ್ಕಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಮೂತ್ರದ ಸೋಂಕು, ಜ್ವರ, ಎಚ್ಚರವೇ ಸರಿ ಇರಲಿಲ್ಲ. ದೇಹದಲ್ಲಿ ನೀರೇ ಇಲ್ಲ ಎಂದರು ಡಾಕ್ಟರು. "ಕುಡಿ ಅಂದ್ರೆ ಕುಡಿಯುದಿಲ್ಲ ಡಾಕ್ಟ್ರೇ, ಎಂತ ಮಾಡುದು?" ಎಂದಳು ತಂಗಿ. ನಾನೂ ತಲೆಯಾಡಿಸಿದೆ. ವಯಸ್ಸಾದವರ ಹಟ ಎಂದು ನನ್ನ ಕಡೆಯಿಂದಲೂ ಒಂದು ಮಾತು ಸೇರಿಸಿದೆ.

ಜ್ವರ ಇಳಿದ ಮೇಲೆ ಒಂದು ಮಧ್ಯಾಹ್ನ ಅವರ ಹತ್ತಿರ ನಾನೊಬ್ಬಳೇ ಇದ್ದೆ. ಹೊದಿಕೆ ಸರಿಮಾಡಲು ಹೋದರೆ ಅಡಿಯಲ್ಲಿ ನೀರಿನ ಬಾಟ್ಲಿ. ಪಕ್ಕದ ಮಂಚದವರದ್ದು. ಚಿಕ್ಕಮ್ಮ ಅದನ್ನು ಎರಡೂ ಕೈಯಲ್ಲಿ ಅವಚಿ ಹಿಡಿದು, ನನ್ನ ತಟ್ಟೆಗೆ ಕೈ ಹಾಕಿದ ದಿನದ ಅದೇ ಕಣ್ಣಲ್ಲಿ ನನ್ನನ್ನು ನೋಡಿದರು.

ತಟ್ಟೆಯಲ್ಲಿ ಮುಟ್ಟದೆ ಉಳಿದಿದ್ದ ಬೆಲ್ಲ ಆಗ ನೆನಪಾಯಿತು. ಲೋಟ ಮಾತ್ರ ಖಾಲಿಯಾಗಿತ್ತು, ನಾನು ಒಂದು ಗುಟುಕೂ ಕುಡಿದಿರಲಿಲ್ಲ.

"ಚಿಕ್ಕಮ್ಮ, ಮನೆಯಲ್ಲಿ ನೀರು ಕೊಡುದಿಲ್ವಾ?"

ಅವರು ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು. "ಬೆಳಿಗ್ಗೆ ಒಂದು ಲೋಟ ಇಟ್ಟು ಹೋಗ್ತಾಳೆ. ಜಾಸ್ತಿ ಕುಡಿದ್ರೆ ಹಾಸಿಗೆ ಒದ್ದೆ ಆಗ್ತದಲ್ಲ. ನೀನು ಅವತ್ತು ಹೇಳಿದ ಮೇಲೆ ಅಡುಗೆಮನೆಗೆ ಬೀಗ ಹಾಕಿದ್ಳು."

ದೂರುವ ದನಿ ಅಲ್ಲ ಅದು. ನಾನು ಕೇಳಿದೆ, ಅವರು ಹೇಳಿದರು, ಅಷ್ಟೇ.

ಆಗಲೂ ನಾನು ತಕ್ಷಣ ಎದ್ದು ಹೋಗಲಿಲ್ಲ. ಮನೆಯ ಮಾತು ಹೊರಗೆ ಹಾಕುವುದು ಹೇಗೆ, ಕುಟುಂಬದವರು ಏನು ಹೇಳಿಯಾರು ಎಂದು ಸಂಜೆಯವರೆಗೆ ಲೆಕ್ಕಾಚಾರ ಹಾಕಿದೆ. ಕಳ್ಳತನವಲ್ಲದ ಕಳ್ಳತನವನ್ನು ಕೂಗಿ ಹೇಳಲು ಅರೆ ಗಳಿಗೆ ಬೇಕಾಗಿರಲಿಲ್ಲ ನನಗೆ. ಡಾಕ್ಟರು ಮತ್ತೆ ವಾರ್ಡಿಗೆ ಬಂದಾಗ ಕೊನೆಗೂ ಬಾಯಿಬಿಟ್ಟೆ. ಅವರು ಆಸ್ಪತ್ರೆಯ ಆಪ್ತಸಮಾಲೋಚಕಿಯನ್ನು ಕರೆಸಿದರು. ಅಷ್ಟರಲ್ಲಿ ತಂಗಿಯೂ ಬಂದಿದ್ದಳು. ಆಕೆ ಮಾಡಿದ ಮೊದಲ ಕೆಲಸ ನಮ್ಮಿಬ್ಬರನ್ನೂ ಹೊರಗೆ ಕಳಿಸಿದ್ದು. ತಂಗಿಯನ್ನು ಸರಿ, ನನ್ನನ್ನೂ! ನನಗೆ ಸಿಟ್ಟು ಬಂತು. ಹೆದರಿದವರು ಯಾರ ಎದುರು ಹೆದರುತ್ತಾರೆಂದು ನಮಗೆ ಗೊತ್ತಿರುವುದಿಲ್ಲ, ಅದಕ್ಕೇ ಒಬ್ಬರನ್ನೇ ಕೂರಿಸಿ ಕೇಳುವುದು ಎಂದು ಆಕೆ ವಿವರಿಸಿದರು.

ವರಾಂಡದಲ್ಲಿ ನಾನು ತಂಗಿಯ ಮೇಲೆ ಹರಿಹಾಯ್ದೆ. ಕಪಾಳಕ್ಕೆ ಬಾರಿಸುವಷ್ಟು ಕೋಪ. ಅವಳು ಅಳಲಿಲ್ಲ. "ತಿಂಗಳಿಗೊಮ್ಮೆ ಬಂದು ಬೆಲ್ಲ ನೀರು ಕುಡಿದು ಹೋಗ್ತೀರಿ ಅಕ್ಕ. ದಿನಾ ಹಾಸಿಗೆ ಒಗೆದು, ಒಣಗಿಸಿ, ಕೆಲಸಕ್ಕೆ ಓಡುವವಳು ನಾನು. ನನ್ನ ಗಂಡ ದುಬೈಯಲ್ಲಿದ್ದಾರೆ. ನಿನಗೆ ಹೇಗಾಗ್ತದೆ ಅಂತ ಯಾರಾದ್ರೂ ಒಂದು ದಿನ ಕೇಳಿದ್ದುಂಟಾ?" ಎಂದಳು. ಕೇಳಿರಲಿಲ್ಲ. ಆದರೂ ಹೆತ್ತ ತಾಯಿಗೆ ನೀರು ಬಿಗಿಹಿಡಿದದ್ದನ್ನು ಕ್ಷಮಿಸಲು ನನ್ನಿಂದ ಆಗಲಿಲ್ಲ. ಇವತ್ತಿಗೂ ಪೂರ್ತಿ ಆಗಿಲ್ಲ.

ಹಿರಿಯರಿಗೆ ಸಹಾಯವಾಣಿ ಉಂಟು, ಕಾನೂನೂ ಉಂಟು, ದೂರು ಕೊಡಬಹುದು. ಆದರೆ ತೀರ್ಮಾನ ಅವರದ್ದೇ ಎಂದರು ಆಪ್ತಸಮಾಲೋಚಕಿ. ಚಿಕ್ಕಮ್ಮ ದೂರು ಬೇಡ ಎಂದರು. "ಬೀಗ ಇಲ್ಲದ ಅಡುಗೆಮನೆ ಇದ್ರೆ ಸಾಕು," ಎಂದರಂತೆ. ಹಾಗೆ ಬಜಪೆಗೆ, ನನ್ನ ಮನೆಗೆ ಬಂದರು. ಒದ್ದೆಯಾಗುವುದಕ್ಕೆ ಮದ್ದು ಇತ್ತು, ಪ್ಯಾಡ್ ಇತ್ತು. ಒಬ್ಬ ಹೆಂಗಸು ಬೆಳಿಗ್ಗೆ ಬಂದು ಸ್ನಾನ ಮಾಡಿಸುತ್ತಾಳೆ. ಇಷ್ಟೇ ಬೇಕಾಗಿದ್ದದ್ದು. ನಾವು ನಾಲ್ಕು ಜನ ಕೂತು ಮಾತಾಡಿದ್ದರೆ ಆ ಫ್ಲ್ಯಾಟಿಗೇ ಇದೆಲ್ಲ ಬರುತ್ತಿತ್ತು.

ತಂಗಿ ಭಾನುವಾರಗಳಲ್ಲಿ ಬರುತ್ತಾಳೆ. ಸಮಾಲೋಚಕಿಯ ಹತ್ತಿರ ಅವಳೂ ಹೋಗುತ್ತಿದ್ದಾಳೆ. ನಾನು ಅವಳಿಗೆ ಬೆಲ್ಲ ನೀರು ಇಡುತ್ತೇನೆ. ಕೈ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ.

ಚಿಕ್ಕಮ್ಮನ ಮಂಚದ ಪಕ್ಕ ತುಂಬಿದ ಚೆಂಬು ಇಡುತ್ತೇನೆ. ಖಾಲಿಯಾಗುವ ಮೊದಲೇ ಮತ್ತೆ ತುಂಬಿಸುತ್ತೇನೆ. ಎಷ್ಟು ಬೇಕಾದರೂ ಕುಡಿಯಿರಿ ಎಂದು ದಿನಾ ಹೇಳುತ್ತೇನೆ. ಅವರು ಹೂಂ ಎನ್ನುತ್ತಾರೆ. ಮಗಳು ಬಂದ ದಿನ ಮಾತ್ರ ಅವಳು ಇರುವಷ್ಟು ಹೊತ್ತು ಚೆಂಬು ಮುಟ್ಟುವುದಿಲ್ಲ. ಮೊನ್ನೆ ಅವಳನ್ನು ಬಸ್ಸು ಹತ್ತಿಸಿ ಒಳಗೆ ಬಂದೆ. ಚಿಕ್ಕಮ್ಮ ಚೆಂಬಿಗೇ ಬಾಯಿಟ್ಟು ಗಟಗಟ ಕುಡಿಯುತ್ತಿದ್ದರು. ನನ್ನನ್ನು ಕಂಡದ್ದೇ ಚೆಂಬು ಕೆಳಗಿಟ್ಟು, ಸೆರಗಲ್ಲಿ ತುಟಿ ಒರೆಸಿಕೊಂಡು, "ಹೇಳುದಿಲ್ಲ ಅಲ್ವಾ ನೀನು?" ಎಂದು ಕೇಳಿದರು.