ತಲೆ ಎತ್ತದೆ ಕೇಳಿದವಳು

ಹೆಣ್ಣುಮಕ್ಕಳ ಆ ಸರ್ಕಾರಿ ನಿಲಯದಲ್ಲಿ ಆಕೆಯನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಹುದ್ದೆಯ ಹೆಸರು ಮನೆಪಾಲಕಿ. ಹೇನು ತೆಗೆಯುವುದು, ಜಗಳ ಬಿಡಿಸುವುದು, ಜ್ವರ ಬಂದವಳ ಪಕ್ಕ ಕೂರುವುದು, ಒದ್ದೆ ಮಾಡಿಕೊಂಡವಳ ಹಾಸಿಗೆಯನ್ನು ಉಳಿದವರು ಏಳುವ ಮೊದಲೇ ಒಗೆಯಲು ಹಾಕುವುದು, ಇವೆಲ್ಲ ಆ ಹುದ್ದೆಯೊಳಗೇ ಬರುತ್ತಿದ್ದವು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ನಮ್ಮನೇಲಿ ಮಕ್ಕಳಿಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ. ನನ್ನ ಹೊಸ ಟವೆಲ್ಲೂ ಅಲ್ಲಿಗೇ ಹೋಗಿ ಸೇರಿದೆ," ಎಂದು ರೇಗಿಸುತ್ತಿದ್ದ. ಆಕೆ ನಗುತ್ತಿದ್ದಳು. ಮಕ್ಕಳನ್ನು ಕೊಡುವುದು ಕೊಡದಿರುವುದು ದೇವರಿಗೆ ಬಿಟ್ಟದ್ದು, ಕೈಗೆ ಬಂದವರನ್ನು ನೋಡಿಕೊಳ್ಳುವುದು ನಮಗೆ ಬಿಟ್ಟದ್ದು ಎನ್ನುವುದು ಆಕೆಯ ಲೆಕ್ಕ.

ಶನಿವಾರ ಬೆಳಿಗ್ಗೆ ಜಗುಲಿಯಲ್ಲಿ ಸ್ಟೂಲು ಹಾಕಿಕೊಂಡು ಎಲ್ಲರ ಉಗುರು ಕತ್ತರಿಸುತ್ತಿದ್ದಳು. ಹಿಂದೊಮ್ಮೆ ಒಂದು ಪುಟ್ಟ ಹುಡುಗಿಯ ಬೆರಳಿಗೆ ತಾಗಿ ರಕ್ತ ಬಂದಿತ್ತು. ಅಂದಿನಿಂದ ಹೆದರಿಕೆ, ಕಣ್ಣು ಬೆರಳು ಬಿಟ್ಟು ಆಚೀಚೆ ಹೋಗುತ್ತಿರಲಿಲ್ಲ. ಮಕ್ಕಳಿಗೆ ಅದೇ ಅನುಕೂಲವಾಯಿತು. ಮುಖ ನೋಡದೆ ಕೈ ಹಿಡಿದು ಕೂತವರ ಹತ್ತಿರ ಏನು ಬೇಕಾದರೂ ಹೇಳಬಹುದು.

"ಚಿಕ್ಕಮ್ಮ, ಬೈಬಾರ್ದು. ಸ್ಕೂಲ್ ಹಿಂದೆ ವೈಟ್ನರ್ ಮೂಸಿದೆ."

"ಹೆಬ್ಬೆರಳು ಸಡಿಲ ಬಿಡು. ಆಮೇಲೆ?"

ಕೆಲವೊಮ್ಮೆ ಬೆರಳಿನ ಬದಲು ಏನೋ ಒಂದು ಆಕೆಯ ಅಂಗೈಗೆ ಬರುತ್ತಿತ್ತು. ನಶೆಗೆಂದು ಮೂಸುವ ಪಂಚರ್ ಅಂಟಿನ ಟ್ಯೂಬು, ಯಾರೋ ಕೊಟ್ಟ ಮಾತ್ರೆ. ಅದನ್ನು ಮಡಿಲಿಗೆ ಹಾಕಿಕೊಂಡು, "ಇನ್ನೊಂದು ಕೈ ಕೊಡು," ಎನ್ನುತ್ತಿದ್ದಳು. ಮಾತ್ರೆಯಾದರೆ ಕಕ್ಕಸಿಗೆ ಸುರಿದು ನೀರು ಬಿಡುತ್ತಿದ್ದಳು, ಯಾರಿಗೂ ಹೇಳುತ್ತಿರಲಿಲ್ಲ. ಆಮೇಲೆ ಆ ಹುಡುಗಿಯನ್ನು ಸೆರಗಿಗೆ ಕಟ್ಟಿಕೊಂಡವಳಂತೆ ಓಡಾಡಿಸುತ್ತಿದ್ದಳು: ದುಪ್ಪಟಿ ಮಡಚು ಬಾ, ಸೊಪ್ಪು ಬಿಡಿಸು ಬಾ, ನನಗೆ ಬೆನ್ನು ನೋವು, ಬಕೆಟ್ ಎತ್ತು ಬಾ. ಎಲ್ಲರೂ ಉಳಿದರು ಎಂದಲ್ಲ. ಒಬ್ಬಳು ಗೋಡೆ ಹಾರಿ ಹೋದವಳು ಮತ್ತೆ ಸಿಗಲಿಲ್ಲ. ಬಹಳ ಮಂದಿ ಉಳಿದರು.

ಸೂಪರಿಂಟೆಂಡೆಂಟ್ ಮೇಡಂ ಕೆಟ್ಟವರಲ್ಲ. ಗೇಟಿನಲ್ಲಿ ಬ್ಯಾಗು ತಡಕಿಸುತ್ತಿದ್ದರು, ಗೋಡೆಗೆಲ್ಲ ತಲೆಬುರುಡೆಯ ಪೋಸ್ಟರ್ ಅಂಟಿಸಿದ್ದರು. ಹುಡುಗಿಯರು ಬುರುಡೆಗೆ ಮೀಸೆ ಬರೆದು "ನಮ್ಮ ಮಾವ" ಎಂದು ಪರಿಚಯ ಮಾಡಿಸುತ್ತಿದ್ದರು. ಆ ವರ್ಷ ಇನ್ನೊಂದು ನಿಲಯದಲ್ಲಿ ಹುಡುಗಿಯೊಬ್ಬಳು ಮಾತ್ರೆ ನುಂಗಿ ಸತ್ತಳು. ಅಲ್ಲಿನ ಪಾಲಕಿಗೆ ಮೊದಲೇ ಗೊತ್ತಿದ್ದು ಬಾಯಿ ಬಿಟ್ಟಿರಲಿಲ್ಲವಂತೆ. ಮೇಡಂ ಸಿಬ್ಬಂದಿಯನ್ನೆಲ್ಲ ಕರೆದರು.

"ಇನ್ಮೇಲೆ ಏನೇ ಸಿಕ್ರೂ ನನಗೆ ಹೇಳ್ಬೇಕು. ಹೇಳಿದ್ರೆ ಡಾಕ್ಟರ್ ಬರ್ತಾರೆ, ಕೌನ್ಸೆಲರ್ ಬರ್ತಾರೆ. ಮುಚ್ಚಿಟ್ರೆ ಆ ಮಗು ಹೆಣ ನೀವೇ ಹೊರ್ಬೇಕು."

ಆ ಮಾತು ಚಿಕ್ಕಮ್ಮನ ಎದೆಯಲ್ಲಿ ಕೂತುಬಿಟ್ಟಿತು.

ನಿಲಯದಲ್ಲಿ ಹದಿನೇಳರ ಹುಡುಗಿ ಒಬ್ಬಳಿದ್ದಳು. ಎಲ್ಲದಕ್ಕೂ ವಾದ, ಹಾಗಾಗಿ ಲಾಯರಮ್ಮ ಎಂದೇ ಹೆಸರು. ಪರೀಕ್ಷೆ ಹತ್ತಿರವಿತ್ತು, ಪಾಸಾದರೆ ನರ್ಸಿಂಗ್ ಸೇರುವ ಆಸೆ. ಅಮ್ಮನನ್ನು ನೋಡಲು ಹೋಗಿ ಬಂದವಳು ಶನಿವಾರ ಚಿಕ್ಕಮ್ಮನ ಎದುರು ಕೂತು, ಕೈ ಚಾಚಿ, ಮಾತ್ರೆಯ ಹಾಳೆಯೊಂದನ್ನು ಅಂಗೈಗೆ ಒತ್ತಿದಳು.

"ಅಮ್ಮನ ಜೊತೆ ಇದಾನಲ್ಲ, ಅವನು ಕೊಟ್ಟ. ಓದ್ತಾ ಓದ್ತಾ ತಲೆ ಬಿಸಿ ಆದ್ರೆ ತಗೋ ಅಂದ."

"ತಗೊಂಡ್ಯಾ?"

"ತಗೊಂಡಿದ್ರೆ ತಂದು ಕೊಡ್ತಿದ್ನಾ? ಎಣಿಸ್ಕೊಳ್ಳಿ, ಒಂದೂ ಒಡೆದಿಲ್ಲ. ಎಸೆಯೋಕೆ ಧೈರ್ಯ ಬರ್ಲಿಲ್ಲ ಅಷ್ಟೆ. ಎಸೆದ್ಮೇಲೆ ಬೇಕು ಅನ್ನಿಸಿದ್ರೆ?"

ಚಿಕ್ಕಮ್ಮ ಅದನ್ನು ನೀರಿಗೆ ಬಿಡಲಿಲ್ಲ. ದೇವರ ಮುಂದೆ ಕೂತಳು. "ಹೇಳು ಅಂತ ಒಳಗಿಂದ ಮಾತು ಬಂತು," ಎಂದು ಎಷ್ಟೋ ದಿನದ ಮೇಲೆ ಗಂಡನ ಹತ್ತಿರ ಹೇಳಿದಳು, "ದೇವರದು ಅಂದ್ಕೊಂಡೆ. ಅದು ನನ್ನ ಹೆದರಿಕೆದೇ ದನಿ." ಹಾಳೆಯನ್ನು ಮೇಡಂ ಮೇಜಿನ ಮೇಲಿಟ್ಟು, ಹುಡುಗಿ ನುಂಗಿಲ್ಲ, ತಾನಾಗಿ ತಂದುಕೊಟ್ಟಳು ಎಂದು ಬಿಡಿಸಿ ಹೇಳಿದಳು.

ಡಾಕ್ಟರ್ ಬರಲಿಲ್ಲ. ವ್ಯಾನ್ ಬಂತು. ಮಾದಕವಸ್ತುವಿನ ಜೊತೆ ಸಿಕ್ಕ ಹುಡುಗಿಯರನ್ನೆಲ್ಲ ಇಡುವ ನಿಲಯ ಊರಿನ ಇನ್ನೊಂದು ತುದಿಯಲ್ಲಿತ್ತು.

"ಉಳಿದ ಮಕ್ಕಳನ್ನೂ ನೋಡ್ಬೇಕಲ್ವಾ," ಎಂದರು ಮೇಡಂ. "ಮಾತ್ರೆ ಒಳಗೆ ಬಂದಿದೆ. ನಿಯಮ ಮೇಲಿಂದ ಬಂದಿದ್ದು, ನಾನೇನು ಮಾಡ್ಲಿ?"

"ಪರೀಕ್ಷೆ ಇದೆ ಮೇಡಂ."

"ಅಲ್ಲಿಂದಾನೂ ಬರೀಬಹುದು."

ಲಾಯರಮ್ಮ ಅಂದು ವಾದ ಮಾಡಲಿಲ್ಲ. ವ್ಯಾನಿನ ಮೆಟ್ಟಿಲ ಮೇಲೆ ನಿಂತು, "ನುಂಗಿದ್ರೆ ಇಲ್ಲೇ ಇರ್ತಿದ್ದೆ ಅಲ್ವಾ ಚಿಕ್ಕಮ್ಮ?" ಎಂದಳಷ್ಟೆ.

ಮುಂದಿನ ಶನಿವಾರವೂ ಹುಡುಗಿಯರು ಸಾಲಾಗಿ ಬಂದು ಕೂತರು. ಸೆಖೆ ಜಾಸ್ತಿ ಎಂದರು, ಗಣಿತದ ಟೀಚರ್ ಹೊಸ ಕನ್ನಡಕ ಹಾಕಿಕೊಂಡಿದ್ದಾರೆ ಎಂದರು. ಬೇರೇನೂ ಹೇಳಲಿಲ್ಲ. ಒಬ್ಬಳ ಉಸಿರಿನಲ್ಲಿ ಅಂಟಿನ ವಾಸನೆ ಇತ್ತು. ಕೇಳಿದರೆ, "ಪುಸ್ತಕಕ್ಕೆ ಬೈಂಡ್ ಹಾಕಿದೆ," ಎಂದು ಕೈ ಎಳೆದುಕೊಂಡಳು. ವರ್ಷದ ಕೊನೆಗೆ ತಪಾಸಣೆಗೆ ಬಂದ ಅಧಿಕಾರಿ, ಲಾಯರಮ್ಮನ ನಂತರ ಮಾತ್ರೆಯ ಒಂದು ಪ್ರಕರಣವೂ ಇಲ್ಲದ್ದನ್ನು ನೋಡಿ ನಿಲಯವನ್ನು ಮೆಚ್ಚಿಕೊಂಡು ಹೋದರು. ಮೇಡಂ ಪೇಡೆ ತರಿಸಿದರು. ಚಿಕ್ಕಮ್ಮ ತಿನ್ನಲಿಲ್ಲ.

ಆ ದೂರದ ನಿಲಯಕ್ಕೆ ಭೇಟಿಯ ಅನುಮತಿ ಸಿಗುವಷ್ಟರಲ್ಲಿ ಪರೀಕ್ಷೆ ಮುಗಿದುಹೋಗಿತ್ತು. ಲಾಯರಮ್ಮ ಬಂದು ಬೆಂಚಿನ ಮೇಲೆ ಕೂತಳು. ಮುಖ ಊದಿತ್ತು. ಮಾತು ಎಲ್ಲಿಂದಲೋ ನಡೆದು ಬರುವಂತೆ ನಿಧಾನವಾಗಿ ಬರುತ್ತಿತ್ತು.

"ಪರೀಕ್ಷೆ ಬರೆದ್ಯಾ ಮಗಳೇ?"

"ಎರಡು ಬರೆದೆ. ಆಮೇಲೆ ಎಬ್ಬಿಸಿದ್ರೂ ಎಚ್ಚರ ಆಗ್ಲಿಲ್ಲ."

ಚಿಕ್ಕಮ್ಮ ಈ ಬಾರಿ ನೇರ ಅವಳ ಮುಖವನ್ನೇ ನೋಡಿದಳು. "ಇಲ್ಲೂ ಮಾತ್ರೆ ಸಿಗತ್ತಾ?"

"ಅಲ್ಲಾದ್ರೆ ಹೊರಗಿಂದ ತರ್ಬೇಕಿತ್ತು. ಇಲ್ಲಿ ಪಕ್ಕದ ಮಂಚದಲ್ಲೇ." ಹುಡುಗಿ ನಕ್ಕಳು. "ಬೇಕಾದ್ರೆ ಇಲ್ಲಿನವ್ರಿಗೂ ಹೇಳಿ ಹೋಗಿ, ಪರವಾಗಿಲ್ಲ. ಇದಕ್ಕಿಂತ ದೂರದ್ದು ಇನ್ನೊಂದು ಇದೆಯಂತೆ. ಅಲ್ಲಿ ಭೇಟಿನೂ ಇಲ್ಲ."

ಹೇಳಿದರೆ ಇನ್ನೂ ಆಳಕ್ಕೆ ತಳ್ಳಿದ ಹಾಗೆ. ಹೇಳದಿದ್ದರೆ ಆ ಸತ್ತ ಹುಡುಗಿಯ ಪಾಲಕಿಗೂ ತನಗೂ ಏನು ವ್ಯತ್ಯಾಸ? ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡು ಗಂಟೆ ಬಾರಿಸುವವರೆಗೆ ಕೂತಿದ್ದಳು. ದೇವರನ್ನು ಕೇಳಲಿಲ್ಲ. ಯಾವ ದನಿ ಯಾರದೆಂದು ಈಗ ಆಕೆಗೆ ನಂಬಿಕೆ ಇರಲಿಲ್ಲ.

ಬಾಗಿಲಲ್ಲಿ ಅಲ್ಲಿನ ಪಾಲಕಿ ಬೀಗದ ಕೈ ಹಿಡಿದು ನಿಂತಿದ್ದಳು. "ಹೇಗಿದಾಳೆ ನಿಮ್ಮ ಹುಡುಗಿ? ಏನಾದ್ರೂ ಹೇಳಿದ್ಲಾ?"

"ಚೆನ್ನಾಗಿದಾಳೆ," ಎಂದಳು ಚಿಕ್ಕಮ್ಮ. "ಏನೂ ಹೇಳಿಲ್ಲ."